ನೈರೋಬಿಯಲ್ಲಿ ಕವರ್ ನಿಂತಿತು, ಕಸ ಯಾಕೆ ನಿಲ್ಲಲಿಲ್ಲ?

ಪಾರ್ಕ್‌ಲ್ಯಾಂಡ್ಸ್ ಕನ್ನಡಿಗ

ಮೊನ್ನೆ ಇನ್ನೊಂದು ಚರ್ಚೆಯಲ್ಲಿ ಒಬ್ಬರು "ಕೀನ್ಯಾ ನೋಡಿ ಕಲಿಯಬೇಕು, ಒಂದೇ ಏಟಿಗೆ ಪ್ಲಾಸ್ಟಿಕ್ ಸಮಸ್ಯೆ ಮುಗಿಸಿಬಿಟ್ಟರು" ಅಂತ ಬರೆದಿದ್ದರು. ಅದು ಅರ್ಧ ನಿಜ. ಉಳಿದರ್ಧ ಬರೆಯೋಣ ಅಂತ ಇದನ್ನು ಶುರು ಮಾಡಿದ್ದೇನೆ.

ಮೊದಲು ನಿಜವಾದ ಅರ್ಧ. 2017ರ ಆಗಸ್ಟ್ 28ರಿಂದ ಇಲ್ಲಿ ಪ್ಲಾಸ್ಟಿಕ್ ಕವರ್ ತಯಾರಿಸುವುದು, ಮಾರುವುದು, ಕೈಯಲ್ಲಿ ಹಿಡಿದು ಓಡಾಡುವುದು ಎಲ್ಲವೂ ಅಪರಾಧ. ದಂಡ 40 ಲಕ್ಷ ಶಿಲಿಂಗ್‌ವರೆಗೆ, ಜೈಲು 4 ವರ್ಷದವರೆಗೆ. ಇದಕ್ಕೆ ಮುಂಚೆ 2007ರಲ್ಲಿ, 2011ರಲ್ಲಿ ಪ್ರಯತ್ನ ಪಟ್ಟಿದ್ದರು. ಎರಡೂ ಸಲ ನಡೆಯಲಿಲ್ಲ. ಮೂರನೇ ಸಲವೂ ತಯಾರಕರ ಸಂಘ 60,000 ಕೆಲಸ ಹೋಗುತ್ತದೆ ಎಂದು ಕೂಗೆಬ್ಬಿಸಿತು, ಕೋರ್ಟಿಗೂ ಹೋದರು. ಆಗಿನ ಪರಿಸರ ಸಚಿವೆ ಜೂಡಿ ವಾಖುಂಗು ಬಗ್ಗಲಿಲ್ಲ. ಈಗ ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಚೀಲ ದುಡ್ಡು ಕೊಟ್ಟು ತಗೋಬೇಕು. ಮುಳ್ಳಿನ ಮರಗಳಿಗೆ ಕವರ್ ಸಿಕ್ಕಿಕೊಂಡು ಪಟಪಟ ಹೊಡೆದುಕೊಳ್ಳುವ ದೃಶ್ಯ ನಗರದಲ್ಲಿ ಬಹಳ ಕಡಿಮೆಯಾಗಿದೆ. ವಿಮಾನದಿಂದ ಇಳಿಯುವವರ ಡ್ಯೂಟಿ ಫ್ರೀ ಕವರ್ ಕೂಡ ಏರ್‌ಪೋರ್ಟಲ್ಲೇ ಬಿಟ್ಟು ಬರಬೇಕು. ಕಾರ್ಖಾನೆಯಲ್ಲೇ ಪ್ಯಾಕ್ ಆಗಿ ಬರುವ ವಸ್ತುಗಳಿಗೆ ಮಾತ್ರ ವಿನಾಯಿತಿ ಇದೆ.

ಇನ್ನರ್ಧದ ಹೆಸರು ಡಂಡೋರಾ. ಸಿಟಿ ಸೆಂಟರಿನಿಂದ ಪೂರ್ವಕ್ಕೆ ಸುಮಾರು 8 ಕಿಲೋಮೀಟರ್. ಹಳೇ ಕಲ್ಲು ಕ್ವಾರಿ, 30 ಎಕರೆಯಷ್ಟು ಜಾಗ. 1970ರ ದಶಕದ ಮಧ್ಯದಿಂದ ನಗರದ ಕಸ ಅಲ್ಲಿಗೇ ಹೋಗುತ್ತಿದೆ. 2001ರಲ್ಲೇ "ತುಂಬಿತು, ಇನ್ನು ಜಾಗ ಇಲ್ಲ" ಎಂದು ಘೋಷಿಸಿದರು. ಆದರೂ ಲಾರಿಗಳು ನಿಂತಿಲ್ಲ. ನಗರದಲ್ಲಿ ದಿನಕ್ಕೆ 2,000 ಟನ್ನಿಗೂ ಜಾಸ್ತಿ ಕಸ ಆಗುತ್ತದೆ. ಎತ್ತಿದ್ದರಲ್ಲಿ ಹೆಚ್ಚಿನ ಪಾಲು ಅಲ್ಲಿಗೆ ಬೀಳುತ್ತದೆ. ಎತ್ತದೇ ಬಿಟ್ಟಿದ್ದು ಮೋರಿಗೆ, ಖಾಲಿ ಸೈಟಿಗೆ, ಇಲ್ಲವೇ ಬೆಂಕಿಗೆ. ತಿಪ್ಪೆಗೆ ಅಂಟಿಕೊಂಡೇ ನೈರೋಬಿ ನದಿ ಹರಿಯುತ್ತದೆ, ಆಚೆ ದಡದಲ್ಲಿ ಕೊರೊಗೊಚೊ ಕೊಳೆಗೇರಿ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯ ಕಚೇರಿ ಇರುವುದು ಇದೇ ಊರಿನ ಗಿಗಿರಿಯಲ್ಲಿ. ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ನೆ ಅನ್ನಲ್ಲ. ಅವರೇ 2007ರಲ್ಲಿ ಡಂಡೋರಾ ಸುತ್ತಮುತ್ತಲಿನ 328 ಮಕ್ಕಳನ್ನು ಪರೀಕ್ಷೆ ಮಾಡಿಸಿದ ವರದಿ ಹೊರತಂದರು. ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ ಮಿತಿಗಿಂತ ಜಾಸ್ತಿ ಇತ್ತು. ಉಸಿರಾಟದ ತೊಂದರೆ ಬೇರೆ. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ತಿಪ್ಪೆ ಹಾಗೇ ಇದೆ.

ಹಾಗಾದರೆ ಅದೇ ಸರ್ಕಾರ, ಅದೇ ಜನ, ಕವರ್ ನಿಲ್ಲಿಸಿದವರಿಗೆ ಕಸ ಯಾಕೆ ನಿಭಾಯಿಸಲು ಆಗಲಿಲ್ಲ? ನನಗೆ ಅನ್ನಿಸುವುದು ಇಷ್ಟು. ಕವರ್ ಬರುವ ಬಾಗಿಲು ಕೆಲವೇ ಇದ್ದವು: ಒಂದಷ್ಟು ಕಾರ್ಖಾನೆ, ಒಂದಷ್ಟು ಆಮದುದಾರರು, ದೊಡ್ಡ ಅಂಗಡಿಗಳು. ಅವನ್ನು ಮುಚ್ಚಿದರೆ ಕೆಲಸ ಮುಕ್ಕಾಲು ಮುಗಿದಂತೆ. ಕಸ ಪ್ರತಿ ಮನೆಯಿಂದ ದಿನಾ ಹುಟ್ಟುತ್ತದೆ, ಅದನ್ನು ಆದೇಶ ಹೊರಡಿಸಿ ನಿಲ್ಲಿಸಲು ಆಗಲ್ಲ. ದಿನಾ ದುಡ್ಡು ಸುರಿದು ದಿನಾ ಕೆಲಸ ಮಾಡಬೇಕು. ಸರ್ಕಾರಗಳಿಗೆ ಮೊದಲನೆಯದು ಇಷ್ಟ, ಎರಡನೆಯದು ಕಷ್ಟ.

ಹಳೇ ಬಸವನಗುಡಿ

ಒಳ್ಳೆಯ ಬರಹ. ಆದರೆ ಜನರನ್ನು ಯಾಕೆ ಬಿಟ್ಟುಬಿಟ್ಟಿರಿ ಸರ್? ಪಕ್ಕದ ರುವಾಂಡಾ ನೋಡಿ. 2008ರಲ್ಲೇ ಕವರ್ ನಿಷೇಧ. ತಿಂಗಳ ಕೊನೇ ಶನಿವಾರ ಊರಿಗೆ ಊರೇ ಬೀದಿಗಿಳಿದು ಶ್ರಮದಾನ ಮಾಡುತ್ತದೆ, ಉಮುಗಾಂಡ ಅನ್ನುತ್ತಾರೆ. ರಾಜಧಾನಿ ಕಿಗಾಲಿಯ ರಸ್ತೆಯಲ್ಲಿ ಒಂದು ಕಾಗದದ ಚೂರು ಸಿಗಲ್ಲ. ಶಿಸ್ತು ಇದ್ದರೆ ಎಲ್ಲವೂ ಆಗುತ್ತದೆ. ನಾನು ಹೋಗಿ ಕಣ್ಣಾರೆ ನೋಡಿ ಬಂದಿದ್ದೇನೆ.

ಪಾರ್ಕ್‌ಲ್ಯಾಂಡ್ಸ್ ಕನ್ನಡಿಗ

ಸರ್, ಕಿಗಾಲಿ ರಸ್ತೆಗಳು ಸ್ವಚ್ಛ, ಒಪ್ಪಿದೆ. ಆದರೆ ಗುಡಿಸಿದ ಕಸ ಎಲ್ಲಿಗೆ ಹೋಗುತ್ತದೆ? ನ್ದುಬಾ ಅನ್ನುವ ಗುಡ್ಡದ ಮೇಲಿನ ತಿಪ್ಪೆಗೆ. ನಗರದ ಕಸ ಅಲ್ಲೇ ಗುಡ್ಡೆಯಾಗುತ್ತಿದೆ. ಗುಡಿಸುವುದು ಬೇರೆ, ವಿಲೇವಾರಿ ಬೇರೆ.

ಶಿಸ್ತಿನ ಮಾತು ಬಂತಲ್ಲ, ನಮ್ಮ ಅಪಾರ್ಟ್‌ಮೆಂಟಿನ ಕಥೆ ಹೇಳುತ್ತೇನೆ. ಇಲ್ಲಿ 2022ರಲ್ಲಿ ಕಸ ನಿರ್ವಹಣೆಗೆ ಹೊಸ ಕಾಯ್ದೆ ಬಂತು. ಮನೆಯಲ್ಲೇ ಕಸ ಬೇರೆ ಮಾಡಬೇಕು ಅನ್ನುವುದು ಅದರಲ್ಲಿದೆ. ನನ್ನ ಹೆಂಡತಿಗೆ ಬೆಂಗಳೂರಿನ ಅಭ್ಯಾಸ. ಹಸಿ ಕಸಕ್ಕೆ ಒಂದು ಬಕೆಟ್, ಒಣ ಕಸಕ್ಕೆ ಒಂದು ಚೀಲ ಇಟ್ಟಳು. ಕೇರ್‌ಟೇಕರ್ ಬೆಳಿಗ್ಗೆ ಬಂದು ಎರಡನ್ನೂ ಒಂದೇ ದೊಡ್ಡ ಚೀಲಕ್ಕೆ ಸುರಿದುಕೊಂಡು ಹೋದ. ಯಾಕಪ್ಪಾ ಅಂದರೆ "ಅಮ್ಮಾ, ಲಾರಿ ಒಂದೇ ಬರೋದು" ಅಂದ. ಅವನ ತಪ್ಪೇನಿದೆ? ನಾವು ಸರ್ವೀಸ್ ಚಾರ್ಜ್ ಜೊತೆ ಕಸದ ದುಡ್ಡು ಕೊಡುತ್ತೇವೆ. ಅದು ಒಂದು ಖಾಸಗಿ ಕಂಪನಿಗೆ ಹೋಗುತ್ತದೆ. ಪಕ್ಕದ ಕಟ್ಟಡಕ್ಕೆ ಇನ್ನೊಂದು ಕಂಪನಿ. ಅದರಾಚೆ ಯುವಕರ ಗುಂಪೊಂದು ಎಂಕೊಕೊಟೇನಿ, ಅಂದರೆ ತಳ್ಳುಗಾಡಿ, ಎಳೆದುಕೊಂಡು ಬರುತ್ತದೆ. ಎಲ್ಲರ ದಾರಿಯೂ ಕೊನೆಗೆ ಸೇರುವುದು ಡಂಡೋರಾಕ್ಕೇ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳಾ! ಹೀಗಿರುವಾಗ ಮನೆಯಲ್ಲಿ ಬೇರೆ ಮಾಡು ಅಂದರೆ ಯಾರು ಎಷ್ಟು ದಿನ ಮಾಡುತ್ತಾರೆ?

ಎಂಟೆಬೆ ರಸ್ತೆ

ನಮಸ್ಕಾರ. ನಾನು ಉಗಾಂಡಾದ ಕಂಪಾಲಾದಲ್ಲಿದ್ದೇನೆ. ನೈರೋಬಿಯವರು ಇನ್ನೂ ಪುಣ್ಯವಂತರು ಅನ್ನಬೇಕು.

ನಮ್ಮಲ್ಲಿ ಕೀಟೇಝಿ ಅನ್ನುವ ಕಡೆ 1996ರಿಂದ ನಗರದ ಕಸ ಸುರಿಯುತ್ತಿದ್ದರು. 36 ಎಕರೆ. ಶುರುವಿನಲ್ಲಿ ಹೆಸರಿಗೆ ಅದು ಲ್ಯಾಂಡ್‌ಫಿಲ್, ಅಂದರೆ ಲೆಕ್ಕದ ಪ್ರಕಾರ ತುಂಬಿ ಮಣ್ಣು ಮುಚ್ಚುವ ಜಾಗ. ಬರಬರುತ್ತಾ ಬರೀ ಗುಡ್ಡವಾಯಿತು. ಊರು ಬೆಳೆದು ಮನೆಗಳು ಗುಡ್ಡದ ಬುಡಕ್ಕೇ ಬಂದವು. 2024ರ ಆಗಸ್ಟ್ 10ರಂದು, ಜೋರು ಮಳೆಯ ನಂತರ, ಗುಡ್ಡ ಕುಸಿದು ಮನೆಗಳ ಮೇಲೆ ಬಿತ್ತು. 30ಕ್ಕೂ ಜಾಸ್ತಿ ಜನ ಸತ್ತರು. ಮಕ್ಕಳೂ ಇದ್ದರು. ಹೆಣ ತೆಗೆಯಲು ಜೆಸಿಬಿ ಹಾಕಿ ದಿನಗಟ್ಟಲೆ ಅಗೆದರು.

ಕಸ ಹೇಗೆ ಕುಸಿಯುತ್ತದೆ ಅಂತ ಇಲ್ಲಿ ತುಂಬಾ ಜನ ಕೇಳಿದರು. ಸಿವಿಲ್ ಓದಿದವನಾಗಿ ಹೇಳುತ್ತೇನೆ. ಹಸಿ ಕಸ ಕೊಳೆತಾಗ ನೀರು ಬಿಡುತ್ತದೆ, ಗ್ಯಾಸ್ ಬಿಡುತ್ತದೆ. ಅದರ ಮೇಲೆ ಮಳೆ ನೀರು. ಕೆಳಗೆ ಹರಿದುಹೋಗಲು ಪೈಪು, ಮೋರಿ ಸರಿಯಾಗಿ ಇಲ್ಲದಿದ್ದರೆ ಆ ನೀರು ರಾಶಿಯ ಒಳಗೇ ನಿಂತು ಒತ್ತಡ ಹೆಚ್ಚಿಸುತ್ತದೆ. ಆಗ ಕಸದ ಪದರಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಇಳಿಜಾರು ಕಡಿದಾಗಿದ್ದರಂತೂ ಮುಗಿಯಿತು. ಇದು ದೇವರ ಆಟ ಅಲ್ಲ. ಇಂಥಾ ರಾಶಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು, ಮಧ್ಯೆ ಮಣ್ಣು ಹಾಕಬೇಕು, ನೀರು ತೆಗೆಯಬೇಕು. ಎಲ್ಲ ಎಂಜಿನಿಯರುಗಳಿಗೂ ಗೊತ್ತಿರುವ ವಿಷಯ. ತುಂಬಿ ತುಳುಕುವ ಕಸದಿಂದ ಅಲ್ಲಿ ಕೆಲಸ ಮಾಡುವವರಿಗೆ, ಸುತ್ತಲಿನವರಿಗೆ ಅಪಾಯ ಇದೆ ಎಂದು ಮೇಯರ್ ಅದೇ ವರ್ಷ ಜನವರಿಯಲ್ಲೇ ಎಚ್ಚರಿಸಿದ್ದರು.

ಆಮೇಲೆ ಏನಾಯಿತು? ಸೆಪ್ಟೆಂಬರ್‌ನಲ್ಲಿ ನಗರಾಡಳಿತದ ಮೂವರು ದೊಡ್ಡ ಅಧಿಕಾರಿಗಳನ್ನು ಅಧ್ಯಕ್ಷ ಮುಸೆವೆನಿ ಮನೆಗೆ ಕಳಿಸಿದರು. ಕೀಟೇಝಿ ಮುಚ್ಚಿತು. ಆದರೆ ಮರುದಿನದ ಕಸ ಎಲ್ಲಿಗೆ? ಯಾವ ಊರಿನ ಕಡೆ ಲಾರಿ ತಿರುಗಿಸಿದರೂ ಅಲ್ಲಿನ ಜನ "ನಮ್ಮ ಮೇಲೂ ಗುಡ್ಡ ಬೀಳಿಸ್ತೀರಾ?" ಅಂತ ಅಡ್ಡ ನಿಂತರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ.

ಅಂದ ಹಾಗೆ ಇಲ್ಲಿ ಕವರಿಗೆ ಕವೇರಾ ಅನ್ನುತ್ತಾರೆ. 2009ರಲ್ಲೇ 30 ಮೈಕ್ರಾನ್‌ಗಿಂತ ತೆಳು ಕವರನ್ನು ಕಾಗದದ ಮೇಲೆ ನಿಷೇಧಿಸಿದರು. ಈಗಲೂ ಮಾರ್ಕೆಟ್ಟಿನಲ್ಲಿ ಟೊಮೆಟೊ ಅದರಲ್ಲೇ ಕಟ್ಟಿ ಕೊಡುತ್ತಾರೆ. ಇಲ್ಲಿಂದ ಗಡಿ ದಾಟಿ ನಿಮ್ಮ ನೈರೋಬಿಗೂ ಕಳ್ಳ ದಾರಿಯಲ್ಲಿ ಹೋಗುತ್ತದೆ, ನಿಮಗೆ ಗೊತ್ತಿರಬೇಕು.

ಪಾರ್ಕ್‌ಲ್ಯಾಂಡ್ಸ್ ಕನ್ನಡಿಗ

ಗೊತ್ತು ಬಿಡಿ. ಸಣ್ಣ ವ್ಯಾಪಾರಿಗಳು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ತೆಗೆದು ಕೊಡುತ್ತಾರೆ. ಆದರೂ ಮುಂಚಿನ ಹಾಗಿಲ್ಲ.

ಹೊಸಬ

ಒಂದು ದಡ್ಡ ಪ್ರಶ್ನೆ. ಡಂಡೋರಾ ತುಂಬಿದೆ ಅಂತ 2001ರಲ್ಲೇ ಗೊತ್ತಾದರೆ ಬೇರೆ ಕಡೆ ಜಾಗ ಹುಡುಕಲಿಲ್ಲವಾ? ಕೀನ್ಯಾದಲ್ಲಿ ಭೂಮಿಗೆ ಬರವಾ?

ಪಾರ್ಕ್‌ಲ್ಯಾಂಡ್ಸ್ ಕನ್ನಡಿಗ

ಒಳ್ಳೆಯ ಪ್ರಶ್ನೆ. ಹುಡುಕಿದರು. ಇನ್ನೂ ಪೂರ್ವಕ್ಕೆ ರುವಾಯಿ ಅನ್ನುವ ಕಡೆ ಜಾಗ ಗುರುತಿಸಿದರು. ಜಪಾನಿನ ನೆರವು ಸಂಸ್ಥೆ ಜೈಕಾ ಯೋಜನೆಗೆ ಕೈ ಹಾಕಿತ್ತು. ಆಗ ವಿಮಾನ ನಿಲ್ದಾಣ ಪ್ರಾಧಿಕಾರ ತಕರಾರು ಎತ್ತಿತು. ಜೋಮೋ ಕೀನ್ಯಾಟಾ ವಿಮಾನ ನಿಲ್ದಾಣಕ್ಕೆ ಹತ್ತಿರ, ಕಸಕ್ಕೆ ಹಕ್ಕಿಗಳು ಬರುತ್ತವೆ, ಹಕ್ಕಿ ಎಂಜಿನ್ನಿಗೆ ಬಡಿದರೆ ವಿಮಾನಕ್ಕೆ ಅಪಾಯ ಅಂತ.

ಇದನ್ನು ಕೇಳಿ ನಗಬೇಡಿ. ಇಲ್ಲಿನ ಮರಬು ಕೊಕ್ಕರೆ ನೋಡಿದವರು ನಗಲ್ಲ. ನಿಂತರೆ ಮನುಷ್ಯನ ಎದೆ ಮಟ್ಟಕ್ಕೆ ಬರುತ್ತದೆ. ಬೋಳು ತಲೆ, ಕತ್ತಿನಲ್ಲಿ ಜೋತುಬಿದ್ದ ಕೆಂಪು ಚೀಲ. ಡಂಡೋರಾದಲ್ಲಿ ಲಾರಿಯ ಹಿಂಬಾಗಿಲು ತೆಗೆದ ತಕ್ಷಣ ಅವು, ಹಂದಿಗಳು, ಜನ ಮೂವರೂ ಒಟ್ಟಿಗೆ ಮುನ್ನುಗ್ಗುತ್ತಾರೆ. ಹೊಟ್ಟೆ ತುಂಬಿದ ಮೇಲೆ ನ್ಯಾಯೋ ಸ್ಟೇಡಿಯಂ ಹತ್ತಿರದ ಮರಗಳ ಮೇಲೆ ಬಂದು ಕೂತು ಕೆಳಗಿನ ಫುಟ್‌ಪಾತಿಗೆಲ್ಲ ಸುಣ್ಣ ಬಳಿಯುತ್ತವೆ. ಇಂಥಾ ಹಕ್ಕಿ ವಿಮಾನದ ಎಂಜಿನ್ನಿಗೆ ಸಿಕ್ಕರೆ ಏನಾಗಬಹುದು ಯೋಚಿಸಿ.

ಹಾಗಾಗಿ ಪ್ರಾಧಿಕಾರದ ಮಾತು ಸರಿ. ಆದರೆ ವಿಮಾನ ಹತ್ತುವವರ ಸುರಕ್ಷತೆಗೆ ಒಂದೇ ಪತ್ರ ಸಾಕಾಯಿತು, ಡಂಡೋರಾದ ಮಕ್ಕಳ ರಕ್ತದ ವರದಿ ಬಂದು ಇಷ್ಟು ವರ್ಷವಾದರೂ ಏನೂ ಆಗಲಿಲ್ಲ ಅನ್ನುವುದು ಮನಸ್ಸಿಗೆ ನಾಟುತ್ತದೆ. 2010ರ ಸಂವಿಧಾನದ 42ನೇ ವಿಧಿ ಸ್ವಚ್ಛ ಪರಿಸರವನ್ನು ಹಕ್ಕು ಎಂದು ಹೇಳುತ್ತದೆ. ಅದನ್ನೇ ಹಿಡಿದು ಜನ ಕೋರ್ಟಿಗೆ ಹೋದರು. 2021ರಲ್ಲಿ ಡಂಡೋರಾ ಮುಚ್ಚಿ ಎಂದು ತೀರ್ಪೂ ಬಂತು. ಲಾರಿಗಳಿಗೆ ತೀರ್ಪು ಓದಲು ಬರಲ್ಲ ಅಲ್ವಾ.

ಬಾಯ್ಲರ್ ಭಟ್ಟ

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ಳುತ್ತೀರಿ? ಸುಟ್ಟು ಕರೆಂಟ್ ಮಾಡಿ. ಯುರೋಪಿನಲ್ಲಿ ಊರ ಮಧ್ಯದಲ್ಲೇ ಇಂಥ ಪ್ಲಾಂಟ್ ಇವೆ. ಡಂಡೋರಾದಲ್ಲೂ ಕೆನ್‌ಜೆನ್ ಅನ್ನುವ ವಿದ್ಯುತ್ ಕಂಪನಿ ಜೊತೆ ಮಾತುಕತೆ ಆಗಿತ್ತು ಅಂತ ಓದಿದ್ದೆ. ಕಸವೂ ಹೋಯಿತು, ಕರೆಂಟೂ ಬಂತು.

ಎಂಟೆಬೆ ರಸ್ತೆ

ಭಟ್ಟರೇ, ನಿಮ್ಮ ಹೆಸರಲ್ಲೇ ಬಾಯ್ಲರ್ ಇದೆ, ನಿಮಗೇ ಗೊತ್ತಿರಬೇಕು. ಕಸ ತನ್ನಷ್ಟಕ್ಕೆ ತಾನೇ ಉರಿಯಲು ಕಿಲೋಗೆ ಸರಾಸರಿ 7 ಮೆಗಾಜೂಲ್‌ನಷ್ಟಾದರೂ ಶಾಖ ಇರಬೇಕು ಎಂದು ವಿಶ್ವಬ್ಯಾಂಕಿನ ಮಾರ್ಗದರ್ಶಿಯೇ ಹೇಳುತ್ತದೆ. ಈ ಕಡೆಯ ಊರುಗಳ ಕಸದಲ್ಲಿ ಸುಮಾರು 60 ಪರ್ಸೆಂಟ್ ಹಸಿ: ಬಾಳೆಕಾಯಿ ಸಿಪ್ಪೆ, ಎಲೆಕೋಸಿನ ಹೊರ ಎಲೆ, ಕಬ್ಬಿನ ಸಿಪ್ಪೆ, ಅನ್ನ. ಮಳೆಗಾಲದಲ್ಲಿ ಹಿಂಡಿದರೆ ನೀರು ಬರುತ್ತದೆ. ನೀರನ್ನು ಕಾಯಿಸಲು ಅರ್ಧ ಶಾಖ ಹೋದರೆ ಕರೆಂಟ್ ಎಲ್ಲಿಂದ?

ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಮಾಡಿ ನೋಡಿದ್ದಾರೆ. ಅಲ್ಲಿನ ಕೋಶೆ ತಿಪ್ಪೆ 2017ರ ಮಾರ್ಚ್ 11ರಂದು ಕುಸಿದು 110ಕ್ಕೂ ಜಾಸ್ತಿ ಜನ ಸತ್ತರು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಅದರ ಪಕ್ಕದಲ್ಲೇ ರೆಪ್ಪಿ ಪ್ಲಾಂಟ್ ಉದ್ಘಾಟನೆ. ಸುಮಾರು 12 ಕೋಟಿ ಡಾಲರ್ ಖರ್ಚು, ದಿನಕ್ಕೆ 1,400 ಟನ್ ಸುಡುವ ಲೆಕ್ಕ. ಪ್ಲಾಂಟ್ ಬಂತು, ಆದರೆ ಕೋಶೆಗೆ ಕಸ ಸುರಿಯುವುದು ನಿಲ್ಲಲಿಲ್ಲ. ಮೂಗಿಗಿಂತ ಮೂಗುತಿ ಭಾರ.

ಅದಕ್ಕಿಂತ ಮುಖ್ಯವಾದದ್ದು ಕುಸಿತಕ್ಕೆ ಮುಂಚಿನ ಕಥೆ. ಊರಾಚೆ ಸೆಂಡಾಫಾ ಅನ್ನುವ ಕಡೆ ಫ್ರಾನ್ಸಿನ ದುಡ್ಡಲ್ಲಿ ಹೊಸ ಲ್ಯಾಂಡ್‌ಫಿಲ್ ಕಟ್ಟಿದ್ದರು. 2016ರಲ್ಲಿ ಕೋಶೆಯಿಂದ ಕಸ ಅಲ್ಲಿಗೆ ತಿರುಗಿಸಿದರು. ಸೆಂಡಾಫಾ ರೈತರು ತಿರುಗಿಬಿದ್ದರು. ಕೆಲವೇ ತಿಂಗಳಲ್ಲಿ ಅದು ನಿಂತು ಲಾರಿಗಳು ವಾಪಸ್ ಕೋಶೆಗೆ ಬಂದವು. ಅದಾಗಿ ವರ್ಷ ತುಂಬುವುದರೊಳಗೆ ಗುಡ್ಡ ಬಿತ್ತು.

ಬಾಯ್ಲರ್ ಭಟ್ಟ

ಒಣ ಕಸ ಬೇರೆ ಮಾಡಿಕೊಟ್ಟರೆ ಉರಿಯುತ್ತದೆ ಅನ್ನುವುದು ನನ್ನ ಮಾತು. ಪ್ಲಾಂಟಿನ ತಪ್ಪಲ್ಲ, ಒಳಗೆ ಹಾಕುವುದರ ತಪ್ಪು.

ಕೆ.ಆರ್. ಪುರದ ಕಡೆಯವಳು

ಸೆಂಡಾಫಾ ಕಥೆ ಓದಿ ಬಾಯಿ ಬಿಡದೇ ಇರಲು ಆಗಲಿಲ್ಲ. ನಮ್ಮ ಮಂಡೂರಿನದ್ದೂ ಇದೇ ಅಲ್ವಾ? ಬೆಂಗಳೂರಿನ ಲಾರಿಗಳು ಸಾಲುಗಟ್ಟಿ ಬಂದು ಸುರಿದು ಹೋಗುತ್ತಿದ್ದವು. ಊರವರು ರಸ್ತೆಗೆ ಕೂತರು. 2014ರ ಡಿಸೆಂಬರ್ 1ರಿಂದ ನಿಲ್ಲಿಸುತ್ತೇವೆ ಎಂದು ಸರ್ಕಾರ ಮಾತು ಕೊಟ್ಟು ನಿಲ್ಲಿಸಿತು. ಲಾರಿಗಳು ಬೇರೆ ಊರಿನ ದಾರಿ ಹಿಡಿದವು. ನಮಗೆ ನೆಮ್ಮದಿ, ಆ ಊರಿಗೆ ಶನಿ.

ಭಟ್ಟರೇ, ಒಣ ಕಸ ಬೇರೆ ಆದ ಮೇಲೆ ಅದನ್ನು ಸುಡುವುದು ಯಾಕೆ? ಕೊಂಡುಕೊಳ್ಳುವವರು ಇದ್ದಾರೆ. ನನಗೆ ಕೇಳಬೇಕಿರುವುದು ಡಂಡೋರಾದಲ್ಲಿ ಆಯುವವರ ಬಗ್ಗೆ. ಮುಚ್ಚಿದರೆ ಅವರ ಗತಿ ಏನು? ಕನ್ನಡಿಗ ಅಣ್ಣ, ನೀವು ಒಳಗೆ ಹೋಗಿದ್ದೀರಾ?

ಪಾರ್ಕ್‌ಲ್ಯಾಂಡ್ಸ್ ಕನ್ನಡಿಗ

ಹೋಗಿದ್ದೇನೆ ಅಕ್ಕ. ನಮ್ಮ ಕಂಪನಿ ಪ್ಯಾಕಿಂಗ್ ಸಾಮಾನಿನ ವ್ಯವಹಾರ ಮಾಡುತ್ತದೆ, ಹಳೇ ಪ್ಲಾಸ್ಟಿಕ್ ಕೊಳ್ಳುವವರನ್ನು ಹುಡುಕಿಕೊಂಡು ಹೋಗಿದ್ದೆ. ಒಳಗೆ ಸುಮ್ಮನೆ ನುಗ್ಗಲು ಆಗಲ್ಲ. ಅಲ್ಲಿನ ಗುಂಪುಗಳ ಪರಿಚಯದವರು ಜೊತೆಗಿರಬೇಕು. ಯಾವ ಲಾರಿ ಎಲ್ಲಿ ಸುರಿಯಬೇಕು, ಯಾರು ಮೊದಲು ಆಯಬೇಕು ಎಲ್ಲದಕ್ಕೂ ಒಳಗೊಳಗೇ ಕಟ್ಟುಪಾಡು ಇದೆ.

ನನಗೆ ನೆನಪಿರುವುದು ಒಬ್ಬ ಹೆಂಗಸಿನ ಕೈ ಕೆಲಸ. ಕೈಯಲ್ಲಿ ತುದಿ ಬಗ್ಗಿಸಿದ ಕಬ್ಬಿಣದ ಸರಳು, ಬೆನ್ನಿಗೆ ಗೋಣಿಚೀಲ, ಕಾಲಿಗೆ ಜೋಡಿಯಲ್ಲದ ಎರಡು ಗಮ್ ಬೂಟು. ಸರಳಿನಿಂದ ಕೆದಕಿ, ಒಂದು ಬಾಟಲಿ ಎತ್ತಿ, ಹಿಸುಕಿ ಸದ್ದು ಕೇಳಿ ಯಾವ ಜಾತಿ ಪ್ಲಾಸ್ಟಿಕ್ ಅಂತ ತಿಳಿದುಕೊಳ್ಳುತ್ತಿದ್ದಳು. ನೀರಿನ ಬಾಟಲಿ ಒಂದು ಕಡೆ, ಹಾಲಿನ ಕ್ಯಾನಿನ ಗಟ್ಟಿ ಪ್ಲಾಸ್ಟಿಕ್ ಇನ್ನೊಂದು ಕಡೆ, ಮುಚ್ಚಳ ಬೇರೆ ಚೀಲಕ್ಕೆ. ಕೇಬಲ್ ಸಿಕ್ಕರೆ ಹುಡುಗರು ಬೆಂಕಿಗೆ ಹಾಕಿ ತಾಮ್ರ ತೆಗೆಯುತ್ತಾರೆ. ಆ ಹೊಗೆಯೇ ವಿಷ. ಗಿಕೊಂಬಾ ಮಾರ್ಕೆಟ್ಟಿನಲ್ಲಿ ಮಾರಾಟವಾಗದ ಹಳೇ ಬಟ್ಟೆಗಳೂ ಬರುತ್ತವೆ, ಅವನ್ನು ಕೊಳ್ಳುವವರಿಲ್ಲ. ಸಂಜೆ ತಿಪ್ಪೆಯ ಅಂಚಿನಲ್ಲಿ ದಲ್ಲಾಳಿ ತಕ್ಕಡಿ ತೂಗುಹಾಕಿಕೊಂಡು ಕಾಯುತ್ತಿರುತ್ತಾನೆ. ಒದ್ದೆ ಇದೆ ಅಂತ ತೂಕದಲ್ಲಿ ಕಳೆಯುತ್ತಾನೆ. ದರ ಅವನು ಹೇಳಿದ್ದೇ.

ಇಡೀ ನಗರದಲ್ಲಿ ಕಸವನ್ನು ಸರಿಯಾಗಿ ಬೇರೆ ಮಾಡುವವರು ಯಾರಾದರೂ ಇದ್ದರೆ ಇವರೇ. ಆದರೆ ಎಲ್ಲ ಬೆರೆತು ಕೊಳೆತ ಮೇಲೆ ಮಾಡುತ್ತಾರೆ, ಬರಿಗೈಯಲ್ಲಿ. ಅದೇ ಕೆಲಸ ಬಡಾವಣೆಯ ಹತ್ತಿರವೇ ಒಂದು ಶೆಡ್ಡಿನಲ್ಲಿ, ಕಸ ಬೆರೆಯುವ ಮುಂಚೆಯೇ ಮಾಡಿದರೆ ಸಾಮಾನು ಒಣಗಿರುತ್ತದೆ, ದರವೂ ಜಾಸ್ತಿ ಸಿಗುತ್ತದೆ, ಆಸ್ಪತ್ರೆ ಸೂಜಿ ಚುಚ್ಚಲ್ಲ. 2022ರ ಕಾಯ್ದೆಯಲ್ಲೂ ಇಂಥ ಶೆಡ್‌ಗಳನ್ನು ಕೌಂಟಿ, ಅಂದರೆ ಜಿಲ್ಲಾ ಮಟ್ಟದ, ಸರ್ಕಾರ ಕಟ್ಟಬೇಕು ಅಂತಿದೆ. ಹಾಗೆ ಮಾಡದೇ ಬರೀ ಗೇಟಿಗೆ ಬೀಗ ಹಾಕಿದರೆ ಅವರೇ ರಾತ್ರಿ ಗೋಡೆ ಹಾರಿ ಬರುತ್ತಾರೆ.

ಹಳೇ ಬಸವನಗುಡಿ

ಶೆಡ್ ಕಟ್ಟಲು ದುಡ್ಡು? ಕೌಂಟಿ ಹತ್ತಿರ ಸಂಬಳ ಕೊಡಲೇ ಕಷ್ಟ ಅಂತ ನೀವೇ ಹಿಂದೊಮ್ಮೆ ಬರೆದಿದ್ದಿರಿ.

ಪಾರ್ಕ್‌ಲ್ಯಾಂಡ್ಸ್ ಕನ್ನಡಿಗ

ಅಲ್ಲೇ ಗಂಟು ಇರುವುದು ಸರ್. ಕಸ ಎತ್ತುವುದು ಕೌಂಟಿಯ ಜವಾಬ್ದಾರಿ ಅಂತ ಸಂವಿಧಾನ ಹೇಳಿತು. 2013ರಿಂದ ಕೌಂಟಿಗಳು ಬಂದವು. ನೈರೋಬಿಯಲ್ಲಿ ಒಬ್ಬ ಗವರ್ನರ್ ಆದ ಮೇಲೆ ಇನ್ನೊಬ್ಬರು. ಸೋಂಕೊ ಅವರನ್ನು 2020ರಲ್ಲಿ ಕೆಳಗಿಳಿಸಿದರು. ಅದಕ್ಕೂ ಮುಂಚೆಯೇ ಸೇನೆಯ ಜನರಲ್ ಒಬ್ಬರ ಕೈಕೆಳಗೆ ಬೇರೆ ಆಡಳಿತ ಮಾಡಿ ಕಸದ ಕೆಲಸ ಅದಕ್ಕೆ ಕೊಟ್ಟರು. 2022ರಲ್ಲಿ ಸಕಾಜಾ ಬಂದರು, ಕೆಲಸ ಮತ್ತೆ ಕೌಂಟಿಗೆ. ಪ್ರತಿ ಸಲವೂ ಹೊಸ ಲಾರಿಗಳ ಮೆರವಣಿಗೆ, ಫೋಟೊ. ಲಾರಿ ಕೊಳ್ಳುವುದು ಸುಲಭ. ಟೈರು, ಡೀಸೆಲ್ಲು, ರಿಪೇರಿ, ಅದಕ್ಕೆ ಯಾರೂ ರಿಬ್ಬನ್ ಕತ್ತರಿಸಲ್ಲ.

ದುಡ್ಡು ಬರಬೇಕಾದ ಒಂದು ದಾರಿ ಪ್ಯಾಕೆಟ್ ಮಾಡುವ ಕಂಪನಿಗಳಿಂದ. ನೀನು ಮಾರಿದ ಪ್ಯಾಕೆಟ್ಟಿನ ಕಸಕ್ಕೆ ನೀನೇ ದುಡ್ಡು ಕೊಡು ಅನ್ನುವ ನಿಯಮ 2024ರಲ್ಲಿ ಬಂತು. ನಾನಿರುವ ಧಂಧೆಯೇ ಇದು, ಬೈಗುಳ ತಿಂದರೂ ಪರವಾಗಿಲ್ಲ, ಅದು ನ್ಯಾಯವೇ. ಆದರೆ ಆ ದುಡ್ಡು ಪ್ಲಾಸ್ಟಿಕ್ಕಿಗೆ ಹೋಗುತ್ತದೆ. 60 ಪರ್ಸೆಂಟ್ ಇರುವ ಹಸಿ ಕಸಕ್ಕೆ ಯಾವ ಕಂಪನಿಯೂ ವಾರಸುದಾರ ಅಲ್ಲ.

ಹೊಸಬ

ಹಸಿ ಕಸ ಗೊಬ್ಬರ ಮಾಡಿದರೆ ಆಯಿತಲ್ಲ?

ಕೆ.ಆರ್. ಪುರದ ಕಡೆಯವಳು

ಹೇಳಿದಷ್ಟು ಸುಲಭ ಇಲ್ಲ ತಮ್ಮಾ. ಬೆರೆತ ಕಸದಿಂದ ಮಾಡಿದ ಗೊಬ್ಬರದಲ್ಲಿ ಗಾಜು, ಬ್ಯಾಟರಿ ಚೂರು ಬರುತ್ತದೆ, ರೈತರು ಒಂದು ಸಲ ತಗೊಂಡು ಇನ್ನೊಂದು ಸಲ ಮುಟ್ಟಲ್ಲ. ಶುರು ಮಾಡುವುದಾದರೆ ಮೊದಲೇ ಬೇರೆ ಇರುವ ಕಸದಿಂದ ಮಾಡಬೇಕು. ತರಕಾರಿ ಮಾರ್ಕೆಟ್, ಹೋಟೆಲ್, ಕಲ್ಯಾಣ ಮಂಟಪ.

ಪಾರ್ಕ್‌ಲ್ಯಾಂಡ್ಸ್ ಕನ್ನಡಿಗ

ಅಕ್ಕ ಹೇಳಿದ್ದು ಸರಿ. ನಮ್ಮಲ್ಲಿ ಅದಕ್ಕೆ ಒಳ್ಳೆಯ ಜಾಗ ವಾಕುಲಿಮಾ ಮಾರ್ಕೆಟ್, ಮಾರಿಕಿಟಿ ಅಂತಲೂ ಕರೆಯುತ್ತಾರೆ. ಬೆಳಗಿನ ಜಾವ ಲಾರಿಗಟ್ಟಲೆ ಎಲೆಕೋಸು, ಮಾವು, ಬಾಳೆಗೊನೆ ಬರುತ್ತದೆ. ಹತ್ತು ಗಂಟೆ ಹೊತ್ತಿಗೆ ಕಾಲಿಟ್ಟಲ್ಲೆಲ್ಲ ಕೊಳೆತ ಎಲೆ. ಅದರಲ್ಲಿ ಪ್ಲಾಸ್ಟಿಕ್ ಇರುವುದೇ ಕಡಿಮೆ.

ಗೊಬ್ಬರಕ್ಕಿಂತ ಬೇಗ ದುಡ್ಡು ತರುವ ಇನ್ನೊಂದು ದಾರಿ ಈ ಊರಿನಲ್ಲೇ ಇದೆ. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣ. ಅದರ ಮರಿಹುಳುಗಳನ್ನು ಹಸಿ ಕಸದ ಮೇಲೆ ಬಿಟ್ಟರೆ ಎರಡು ವಾರದೊಳಗೆ ತಿಂದು ದಪ್ಪಗಾಗುತ್ತವೆ. ಒಣಗಿಸಿದರೆ ಕೋಳಿಗೆ, ಮೀನಿಗೆ ಆಹಾರ. ಮಿಕ್ಕಿದ್ದು ಗೊಬ್ಬರ. ಕಸರಾನಿಯಲ್ಲಿರುವ ಇಸಿಪೆ ಅನ್ನುವ ಕೀಟ ಸಂಶೋಧನಾ ಸಂಸ್ಥೆ ಇದರ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ, ರೈತರಿಗೂ ಕಲಿಸುತ್ತದೆ. ಸ್ಯಾನರ್ಜಿ ಅನ್ನುವ ಕಂಪನಿ ಕೊಳೆಗೇರಿ ಶೌಚಾಲಯಗಳ ಮಲವನ್ನೂ ಅಡುಗೆ ಕಸವನ್ನೂ ಇದೇ ಹುಳುಗಳಿಗೆ ಹಾಕಿ ದೊಡ್ಡ ಮಟ್ಟದಲ್ಲಿ ಮಾಡಿದೆ. ಕೋಳಿ ಸಾಕುವವರಿಗೆ ಸೋಯಾ, ಒಣಮೀನಿನ ದರ ಏರಿದಾಗ ಇದಕ್ಕೆ ಬೇಡಿಕೆ ಬರುತ್ತದೆ. ಹಸಿ ಕಸಕ್ಕೆ ಒಬ್ಬ ಗಿರಾಕಿ ಸಿಕ್ಕಂತೆ.

ಆದರೆ ಹುಳುಗಳಿಗೂ ಬೇರೆ ಮಾಡಿದ ಕಸವೇ ಬೇಕು. ಮಾರ್ಕೆಟ್ಟಿನಿಂದ ಒಂದು ಲಾರಿ ನೇರ ಅಲ್ಲಿಗೆ ಹೋಗಬೇಕು, ಡಂಡೋರಾಕ್ಕೆ ಹೋಗಬಾರದು. ಈಗ ಕಂಟ್ರಾಕ್ಟುದಾರನಿಗೆ ಡಂಡೋರಾದಲ್ಲಿ ಸುರಿಯುವುದೇ ಅಗ್ಗ. ಸುರಿಯುವ ಶುಲ್ಕ ಏರಿಸಿದರೆ ಲಾರಿಗಳು ರಾತ್ರಿ ನದಿ ದಡದಲ್ಲಿ ಸುರಿಯುತ್ತವೆ. ಮೊದಲು ಮಾರ್ಕೆಟ್ಟಿನ ಲಾರಿಗಳ ಮೇಲೆ ಕಣ್ಣಿಡುವ ವ್ಯವಸ್ಥೆ, ಆಮೇಲೆ ಶುಲ್ಕ ಅನ್ನುವುದು ನನ್ನ ಲೆಕ್ಕ. ಭಟ್ಟರೇ, ಎಂಟೆಬೆ ರಸ್ತೆಯವರೇ, ಶುಲ್ಕ ಮೊದಲೋ ಕಾವಲು ಮೊದಲೋ? ಕಂಪಾಲಾದಲ್ಲಿ ಏನು ಮಾಡಿದರು?

ಎಂಟೆಬೆ ರಸ್ತೆ

ಇಲ್ಲಿ ಎರಡೂ ಇಲ್ಲ. ನಾಳೆ ನಮ್ಮ ಬಡಾವಣೆಯಲ್ಲಿ ಕಸದವರ ಜೊತೆ ಮೀಟಿಂಗ್ ಇದೆ. ಒಂದು ಲಾರಿಗೆ ಡ್ರೈವರಿಂದ ಹಿಡಿದು ಸುರಿಯುವವರೆಗೆ ಎಷ್ಟು ಖರ್ಚು ಬೀಳುತ್ತದೆ ಅಂತ ಕೇಳಿಕೊಂಡು ಬಂದು ಬರೆಯುತ್ತೇನೆ. ಆ ಲೆಕ್ಕ ಇಲ್ಲದೆ ಶುಲ್ಕದ ಮಾತಾಡಿ ಪ್ರಯೋಜನ ಇಲ್ಲ.